ಸದ್ದಿಗೆ ಹೋದ ಕಿವಿಗೂ ಪರಿಹಾರವುಂಟು

ಪೀಣ್ಯದ ಒಂದು ಪವರ್ ಪ್ರೆಸ್ ಶೆಡ್ಡಿನಲ್ಲಿ ಹದಿನೇಳು ವರ್ಷ ದುಡಿದವರೊಬ್ಬರು ಮಗಳ ಜೊತೆ ನನ್ನ ಕಚೇರಿಗೆ ಬಂದಿದ್ದರು. ನಾನು ಕೇಳಿದ್ದಕ್ಕೆಲ್ಲ ಮಗಳೇ ಉತ್ತರ ಹೇಳುತ್ತಿದ್ದಳು. ಅವರು ನನ್ನ ತುಟಿಯನ್ನೇ ನೋಡುತ್ತ ಕೂತಿದ್ದರು. “ಅಪ್ಪಂಗೆ ಮಾತಾಡೋದು ಕೇಳ್ಸುತ್ತೆ ಸಾರ್, ಏನಂದ್ರು ಅಂತ ಗೊತ್ತಾಗಲ್ಲ” ಅಂದಳು. ಮನೆಯವರು ಬಹಳ ದಿನ ಅದನ್ನು ಅಸಡ್ಡೆ ಅಂತಲೇ ತಿಳಿದಿದ್ದರಂತೆ.

ಗದ್ದಲಕ್ಕೆ ಕಿವಿ ಹೋಗುವುದು ಹೀಗೆಯೇ. ಮೊದಲು ಹೋಗುವುದು 4,000 ಹರ್ಟ್ಸ್ ಆಸುಪಾಸಿನ ಕೀಚಲು ಸದ್ದು. ಆಗ ಸ, ಶ, ತ, ಕ ಅಕ್ಷರಗಳು ಮಸುಕಾಗುತ್ತವೆ. ‘ಹಾಸು’ ಅಂದರೆ ‘ಹಾಕು’ ಅಂತ ಕೇಳುತ್ತದೆ. ಟಿವಿ ಸದ್ದು ಏರುತ್ತದೆ, ಮದುವೆ ಮನೆಯ ಗದ್ದಲದಲ್ಲಿ ಮಾತು ಹಿಡಿಯುವುದಿಲ್ಲ, ಶಿಫ್ಟ್ ಮುಗಿದ ರಾತ್ರಿ ಕಿವಿ ಗುಂಯ್ ಅನ್ನುತ್ತದೆ. ನಮ್ಮ ಗಂಡಸರು ಇಷ್ಟಕ್ಕೆಲ್ಲ ಡಾಕ್ಟರ ಹತ್ತಿರ ಹೋಗುವುದಿಲ್ಲ. ಗುಗ್ಗೆ ಕಟ್ಟಿದ್ದರೆ ತೆಗೆಸಿದರೆ ಸರಿಹೋಗುತ್ತದೆ. ಕಿವಿಯ ತಮಟೆ ತೂತಾಗಿದ್ದರೆ ಶಸ್ತ್ರಚಿಕಿತ್ಸೆ ಇದೆ. ಗದ್ದಲಕ್ಕೆ ಸತ್ತ ಒಳಕಿವಿಯ ಕೋಶಗಳು ಮಾತ್ರ ಮತ್ತೆ ಹುಟ್ಟುವುದಿಲ್ಲ, ಅಲ್ಲಿ ಶ್ರವಣ ಸಾಧನವೇ ಆಸರೆ. ಇನ್ನೊಂದು ಮಾತು: ಕಿವಿ ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲೇ ಕೇಳದಾದರೆ ಅದು ತುರ್ತು ಸ್ಥಿತಿ. ಅವತ್ತೇ ಇಎನ್‌ಟಿ ವೈದ್ಯರನ್ನು ಕಾಣಿ. ತಡವಾದಷ್ಟೂ ಔಷಧಿ ನಾಟುವ ಸಾಧ್ಯತೆ ಕಡಿಮೆ.

ಪೀಣ್ಯದ ಆ ಕಾರ್ಮಿಕರ ಬಳಿ ಒಂದು ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ ಇತ್ತು, ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಿಸಿದ್ದು. ಗೆರೆ ಎಡದಿಂದ ಸಮನಾಗಿ ಬಂದು, 4,000ದ ಹತ್ತಿರ ಹಳ್ಳಕ್ಕೆ ಬಿದ್ದಂತೆ ಇಳಿದು, 8,000ಕ್ಕೆ ಮತ್ತೆ ಸ್ವಲ್ಪ ಮೇಲೇರಿತ್ತು. ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ ಚಿತ್ರ. ವಯಸ್ಸಿಗೆ ಹೋಗುವ ಕಿವಿಯ ಗೆರೆ ಸಾಮಾನ್ಯವಾಗಿ ಇಳಿಯುತ್ತಲೇ ಹೋಗುತ್ತದೆ. ಕೈ ಪ್ರೆಸ್ಸಿಗೆ ಸಿಕ್ಕರೆ ರಕ್ತ ಬರುತ್ತದೆ, ಸಾಕ್ಷಿ ಇರುತ್ತಾರೆ, ತಾರೀಕು ಇರುತ್ತದೆ. ಕಿವಿಗೆ ಇವು ಯಾವುವೂ ಇಲ್ಲ. ಈ ಹಾಳೆಯೇ ಅದರ ಸಾಕ್ಷಿ. ಆದ್ದರಿಂದ ಗದ್ದಲದ ಕೆಲಸದಲ್ಲಿರುವವರು ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ ಹಾಳೆಗಳನ್ನು ಜೋಪಾನ ಮಾಡಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಪರೀಕ್ಷೆ ಆಗುತ್ತದೆ.

ಕಾರ್ಖಾನೆ ನಿಯಮಗಳ ಲೆಕ್ಕದಲ್ಲಿ 90 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, 100 ಡೆಸಿಬೆಲ್ ಆದರೆ 2 ಗಂಟೆ ಮಾತ್ರ. ಅದನ್ನು ಮೀರಿದಲ್ಲಿ ಕಿವಿಗೆ ರಕ್ಷಣೆ ಒದಗಿಸುವುದು ಮಾಲೀಕರ ಹೊಣೆ, ಅದರ ದುಡ್ಡನ್ನು ಸಂಬಳದಲ್ಲಿ ಹಿಡಿಯುವಂತಿಲ್ಲ. ದೂರು ಕೊಡಬೇಕಾದದ್ದು ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಗೆ.

ಗದ್ದಲದಿಂದಾದ ಶ್ರವಣ ದೋಷ ಕಾನೂನಿನ ಕಣ್ಣಿಗೆ ಔದ್ಯೋಗಿಕ ರೋಗ. 1923ರ ನೌಕರರ ಪರಿಹಾರ ಕಾಯ್ದೆಯಲ್ಲೂ 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆಯಲ್ಲೂ ಅದು ಮೂರನೇ ಅನುಸೂಚಿಯಲ್ಲಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಗದ್ದಲದ ಕೆಲಸದಲ್ಲಿ ಸತತ 6 ತಿಂಗಳು ಇದ್ದವರಿಗೆ ಈ ದೋಷ ಬಂದರೆ, ಕೆಲಸದಿಂದಲೇ ಬಂದದ್ದೆಂದು ಕಾನೂನು ಎಣಿಸುತ್ತದೆ. ಅಲ್ಲ ಅನ್ನುವುದಾದರೆ ಮಾಲೀಕರೇ ರುಜುವಾತು ಮಾಡಬೇಕು. ಕಿವಿ ಪೂರ್ತಿ ಹೋದರೆ ಅದು ನೂರಕ್ಕೆ ನೂರು ನಷ್ಟ. ಭಾಗಶಃ ಹೋದರೆ ದುಡಿಯುವ ಶಕ್ತಿ ಎಷ್ಟು ಕುಂದಿತು ಎಂಬುದರ ಮೇಲೆ ಪರಿಹಾರ. ಇಎಸ್‌ಐ ಇದ್ದವರು ಇಎಸ್‌ಐ ನಿಗಮದಿಂದಲೇ ಕೇಳಬೇಕು, ವೈದ್ಯಕೀಯ ಮಂಡಳಿ ಪರೀಕ್ಷಿಸುತ್ತದೆ, ಶ್ರವಣ ಸಾಧನವೂ ಅಲ್ಲೇ ಸಿಗುತ್ತದೆ. ಇಎಸ್‌ಐ ಇಲ್ಲದವರು ಮಾಲೀಕರಿಂದ ಪರಿಹಾರ ಕೇಳಬೇಕು.

ಜನ ಸೋಲುವುದು ಅವಧಿಯಲ್ಲಿ. ಮಾಲೀಕರಿಂದ ಪರಿಹಾರ ಕೇಳುವ ಅರ್ಜಿಗೆ ಎರಡು ವರ್ಷದ ಗಡುವಿದೆ. ಕಿವಿ ಹೋದರೂ ಕೆಲಸಕ್ಕೆ ಹೋಗುತ್ತಲೇ ಇರುವವರಿಗೆ ಆ ಎರಡು ವರ್ಷ ಶುರುವಾಗುವುದು ಮಾಲೀಕರಿಗೆ ನೋಟಿಸ್ ಕೊಟ್ಟ ದಿನದಿಂದ. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಬರೆದು ಕೊಡಿ, ಸ್ಪೀಡ್ ಪೋಸ್ಟ್ ರಸೀದಿ ಎತ್ತಿಡಿ.

ಕೆಲಸ ಹೋದೀತು ಎಂಬ ಅಂಜಿಕೆಗೆ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ಸರ್ಕಾರಿ ಸಂಸ್ಥೆ, ನಿಗಮಗಳ ನೌಕರರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಬಲವಾದ ಆಸರೆ: ಸೇವೆಯಲ್ಲಿದ್ದಾಗ ವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಆ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಕೆಲಸ ಕೊಡಬೇಕು. ಖಾಸಗಿಯವರಿಗೆ ಇಷ್ಟು ಗಟ್ಟಿ ರಕ್ಷಣೆ ಇಲ್ಲ, ಅದು ನನ್ನ ಮನಸ್ಸಿಗೆ ಚುಚ್ಚುವ ವಿಷಯ.

ದೊಡ್ಡಬಳ್ಳಾಪುರದಲ್ಲೋ ಬನಹಟ್ಟಿಯಲ್ಲೋ ಮನೆಯಲ್ಲೇ ಪವರ್‌ಲೂಮ್ ಹಾಕಿಕೊಂಡು, ತಾನೇ ಮಾಲೀಕ ತಾನೇ ಕೂಲಿ ಆಗಿರುವ ನೇಕಾರ ಪರಿಹಾರ ಯಾರನ್ನು ಕೇಳಬೇಕು? ಅವರಿಗೆ ಉಳಿದಿರುವುದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿದ್ದರೆ ಮಂದಶ್ರವಣ, 70 ಆದರೆ ಕಿವುಡುತನ. ಹೆಚ್ಚಿನ ಸೌಲಭ್ಯಗಳಿಗೆ ವೈಕಲ್ಯ ಶೇ 40 ಇರಬೇಕು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಿಸುತ್ತಾರೆ. ಆದಾಯ ಮಿತಿಯೊಳಗಿದ್ದರೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಶ್ರವಣ ಸಾಧನ ಉಚಿತ. ಈ ಶೇ 40ರ ಅಳತೆಗೂ ಪರಿಹಾರಕ್ಕೂ ಸಂಬಂಧವಿಲ್ಲ. ಕಡಿಮೆ ಬಂತೆಂದು ಕಾರ್ಖಾನೆ ಕೆಲಸದವರು ಪರಿಹಾರದ ಅರ್ಜಿ ಬಿಡಬೇಡಿ.

ಶ್ರವಣ ಸಾಧನವನ್ನು ಅಂಗಡಿಯಲ್ಲಿ ಕೊಳ್ಳುವವರು ಬಿಲ್ ಕೇಳಿ ಪಡೆಯಿರಿ. ಸಾಧನ ಕೈಕೊಟ್ಟರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಕೈಗಾರಿಕಾ ಕಾರ್ಮಿಕರಿಗೂ ಅಂಗವಿಕಲರಿಗೂ ಉಚಿತ ಕಾನೂನು ನೆರವು ಹಕ್ಕು. ಅದಕ್ಕಾಗಿ 15100ಕ್ಕೆ ಕರೆ ಮಾಡಿ.

ಆ ದಿನ ನನ್ನ ಕಚೇರಿಯಲ್ಲಿ ಅಪ್ಪನ ಮಾಲೀಕರಿಗೆ ಕೊಡುವ ಪತ್ರವನ್ನು ಮಗಳೇ ಬರೆದಳು: ಯಾವ ಮಷೀನು, ದಿನಕ್ಕೆ ಎಷ್ಟು ಗಂಟೆ, ಯಾವ ವರ್ಷದಿಂದ, ಕಿವಿಗೆ ಏನಾದರೂ ಕೊಟ್ಟಿದ್ದರೇ, ಪರೀಕ್ಷೆ ಯಾವತ್ತು, ಫಲಿತಾಂಶ ಏನು. ಕೊನೆಗೆ ತಾರೀಕು. ಅವಳು ಗಟ್ಟಿಯಾಗಿ ಓದಿ ಹೇಳಲು ಹೊರಟಾಗ ಅವರು ತಲೆಯಾಡಿಸಿ, ಹಾಳೆಯನ್ನು ತಾವೇ ಕೈಗೆ ತೆಗೆದುಕೊಂಡು ಓದಿ ಸಹಿ ಹಾಕಿದರು.