ಡಾಕ್ಟರ್ ಝಿವಾಗೋ: ಈ ಸಲ ಪಾಶಾನ ಕಡೆಯಿಂದ

ಮೊದಲ ಸಲ 'ಡಾಕ್ಟರ್ ಝಿವಾಗೋ' ನೋಡಿದ್ದು ಹಾಸ್ಟೆಲ್‌ನಲ್ಲಿ, ಫೋನ್‌ನಲ್ಲಿ, ಅದೂ ಒಂದೂವರೆ ಪಟ್ಟು ಸ್ಪೀಡಿನಲ್ಲಿ. ಮೂರು ಗಂಟೆ ಮೀರಿದ ಸಿನಿಮಾ, ಏನ್ ಮಾಡೋದು! ಮುಗಿಸಿ ನಾನು ಕೊಟ್ಟ ತೀರ್ಪು: ಒಳ್ಳೆಯ ಹೆಂಡತಿ ಇದ್ದೂ ಇನ್ನೊಬ್ಬಳನ್ನು ಪ್ರೀತಿಸಿದ ಡಾಕ್ಟರ್ ಕಥೆ, ಹಿಮ ಮಾತ್ರ ಸೂಪರ್. ಮೊನ್ನೆ ರಜೆಯಲ್ಲಿ ಮನೆಯ ಟಿವಿಯಲ್ಲಿ ಸ್ಪೀಡ್ ಮುಟ್ಟದೆ ಮತ್ತೆ ನೋಡಿದೆ. ತೀರ್ಪು ಬದಲಾಯಿತು. ಯಾಕೆ ಅಂತ ಹೇಳ್ತೀನಿ. ಕಥೆಯ ಕೊನೆಯೂ ಇದರಲ್ಲಿ ಬರುತ್ತೆ, ಇನ್ನೂ ನೋಡದವರು ಎಚ್ಚರ.

ಬೋರಿಸ್ ಪಾಸ್ತರ್ನಾಕ್ ಅವರ ಕಾದಂಬರಿಯನ್ನು ಡೇವಿಡ್ ಲೀನ್ 1965ರಲ್ಲಿ ಸಿನಿಮಾ ಮಾಡಿದರು. ಯೂರಿ ಝಿವಾಗೋ ಡಾಕ್ಟರ್, ಕವಿ ಕೂಡ. ಹೆಂಡತಿ ಟೋನ್ಯಾ. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವಾಗ ಅವನ ಜೊತೆ ನರ್ಸ್ ಆಗಿ ದುಡಿಯುವವಳು ಲಾರಾ. ಅವಳು ಯುದ್ಧಕ್ಕೆ ಬಂದಿರುವುದು ಕಾಣೆಯಾದ ಗಂಡ ಪಾಶಾನನ್ನು ಹುಡುಕಿಕೊಂಡು. ಆಮೇಲೆ 1917ರ ಕ್ರಾಂತಿ, ಅದರ ಬೆನ್ನಿಗೇ ಅಂತರ್ಯುದ್ಧ.

ಎಲ್ಲರೂ ಯೂರಿ ಮತ್ತು ಲಾರಾರನ್ನೇ ನೋಡ್ತಾರೆ. ನೀವು ಒಂದು ಸಲ ಪಾಶಾನನ್ನು ನೋಡಿ. ಶುರುವಿನಲ್ಲಿ ಅವನು ನಮ್ಮ ಥರದ ಸ್ಟೂಡೆಂಟ್: ಕನ್ನಡಕ, ಕೈಯಲ್ಲಿ ಕರಪತ್ರ, ಎಲ್ಲದಕ್ಕೂ ಸೀರಿಯಸ್. ಶಾಂತಿಯುತ ಮೆರವಣಿಗೆಯ ಮೇಲೆ ಕುದುರೆ ಸವಾರರು ಕತ್ತಿ ಬೀಸಿದಾಗ ಅವನ ಮುಖಕ್ಕೆ ಗಾಯವಾಗುತ್ತೆ. ಆ ಕಲೆ ಕೊನೆಯವರೆಗೂ ಇರುತ್ತೆ. ಯುದ್ಧದಲ್ಲಿ ಸತ್ತ ಅಂದುಕೊಂಡವನು ಸ್ಟ್ರೆಲ್ನಿಕೋವ್ ಅನ್ನೋ ಹೊಸ ಹೆಸರಿನಲ್ಲಿ, ಊರುಗಳನ್ನೇ ಸುಡುವ ಕೆಂಪು ಕಮಾಂಡರ್ ಆಗಿ, ತನ್ನದೇ ರೈಲಿನಲ್ಲಿ ವಾಪಸ್ ಬರ್ತಾನೆ.

ಆ ರೈಲಿನೊಳಗಿನ ದೃಶ್ಯವನ್ನು ದಯವಿಟ್ಟು ಓಡಿಸಬೇಡಿ. ಸೈನಿಕರು ಹಿಡಿದು ತಂದ ಯೂರಿ ಎದುರಿಗೆ ನಿಂತಿದ್ದಾನೆ. ಸ್ಟ್ರೆಲ್ನಿಕೋವ್ ಹೇಳುವುದಿಷ್ಟು: ನಿನ್ನ ಕವಿತೆ ಮೊದಲು ಇಷ್ಟವಾಗ್ತಿತ್ತು, ಈಗ ಅದೆಲ್ಲ ತೀರಾ ಖಾಸಗಿ ಅನ್ನಿಸುತ್ತೆ, ರಷ್ಯಾದಲ್ಲಿ ಖಾಸಗಿ ಬದುಕು ಸತ್ತಿದೆ, ಇತಿಹಾಸವೇ ಅದನ್ನು ಕೊಂದಿದೆ. ಧ್ವನಿ ಏರಿಸದೆ, ಲ್ಯಾಬ್ ರೀಡಿಂಗ್ ಹೇಳೋ ಹಾಗೆ ಹೇಳ್ತಾನೆ. ಇಡೀ ಸಿನಿಮಾ ಈ ಮಾತಿಗೆ ಉತ್ತರ ಅಂತ ನನಗೆ ಈಗ ಅನ್ನಿಸ್ತಿದೆ.

ಯೂರಿ ಕ್ರಾಂತಿಯ ವಿರೋಧಿ ಅಲ್ಲ. ಯುದ್ಧದಿಂದ ಮಾಸ್ಕೋಗೆ ಬಂದಾಗ ಅವನ ಮಾವನ ಮನೆಯನ್ನು ಸರ್ಕಾರ ಹಂಚಿಬಿಟ್ಟಿದೆ. ಈ ಮನೆಯಲ್ಲಿ 13 ಕುಟುಂಬಗಳಿಗೆ ಜಾಗವಿದೆ ಅಂತಾರೆ. ಹೀಗಿರುವುದೇ ಹೆಚ್ಚು ನ್ಯಾಯ ಅಂತ ಅವನೂ ಒಪ್ತಾನೆ. ಆದರೆ ಒಂದು ಮೇಜು, ಒಂದು ಹಾಳೆ, ಪ್ರೀತಿಸಲು ಒಬ್ಬಳು, ಇವುಗಳ ಆಸೆ ಬಿಡಲು ಅವನಿಂದ ಆಗಲ್ಲ. ಅದಕ್ಕೇ ವರಿಕಿನೋದ ಹಿಮ ಹೊಕ್ಕ ಮನೆಯಲ್ಲಿ ರಾತ್ರಿ ಹೊರಗೆ ತೋಳಗಳು ಊಳಿಡುವಾಗ ಕೂತು ಬರೆಯುವ ದೃಶ್ಯಕ್ಕೆ ಅಷ್ಟು ತೂಕ. ಅಂದಹಾಗೆ, ಆ ಮನೆಯೊಳಗಿನ ಮಂಜುಗಡ್ಡೆ ನಿಜವಾಗಿ ಮೇಣ! ಸೋವಿಯತ್ ನೆಲದಲ್ಲಿ ಶೂಟಿಂಗ್ ಸಾಧ್ಯವಿರಲಿಲ್ಲ, ಹಾಗಾಗಿ ರಷ್ಯಾದ ಬಹುಪಾಲು ಹುಟ್ಟಿದ್ದು ಸ್ಪೇನ್‌ನಲ್ಲಿ.

ಸ್ಟ್ರೆಲ್ನಿಕೋವ್ ಸಾಯುವುದನ್ನು ನಮಗೆ ತೋರಿಸೋದೇ ಇಲ್ಲ. ಕೊಮರೋವ್ಸ್ಕಿ ಬಂದು ನಾಲ್ಕು ಮಾತಲ್ಲಿ ಹೇಳ್ತಾನೆ, ನಾನು ಮೊದಲ ಸಲ ಮಿಸ್ ಮಾಡಿದ್ದು ಇದನ್ನೇ. ಇಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಅವನು ಸಿಕ್ಕಿಬಿದ್ದ, ಲಾರಾ ಹತ್ತಿರ ಬರ್ತಿದ್ದ. ವಿಚಾರಣೆಯಲ್ಲಿ ಸ್ಟ್ರೆಲ್ನಿಕೋವ್ ಅಂತ ಕರೆದರೆ ಓಗೊಡಲಿಲ್ಲ, ನನ್ನ ಹೆಸರು ಪಾವೆಲ್ ಆಂಟಿಪೋವ್ ಅಂತ ಹಠ ಹಿಡಿದ. ಕೊಲ್ಲಲು ಕರೆದೊಯ್ಯುವಾಗ ಕಾವಲುಗಾರನ ಪಿಸ್ತೂಲು ಕಿತ್ತು ತಾನೇ ಗುಂಡು ಹಾರಿಸಿಕೊಂಡ. ಖಾಸಗಿ ಬದುಕು ಸತ್ತಿದೆ ಅಂದವನು ಹೆಂಡತಿ ಇರುವ ಕಡೆ ನಡೆದು, ಅವಳಿಗೆ ಗೊತ್ತಿದ್ದ ಹೆಸರಲ್ಲೇ ಸತ್ತ. ಅಲ್ಲಿ ಪಾಸ್ ಒತ್ತಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಪಾಸ್ತರ್ನಾಕ್‌ಗೂ ಇದೇ ಪ್ರಶ್ನೆ ಎದುರಾಗಿತ್ತು. ಅವರ ದೇಶದಲ್ಲಿ ಕಾದಂಬರಿ ಅಚ್ಚಾಗಲಿಲ್ಲ, 1957ರಲ್ಲಿ ಇಟಲಿಯಲ್ಲಿ ಬಂತು. 1958ರಲ್ಲಿ ನೊಬೆಲ್ ಸಿಕ್ಕರೂ ಒತ್ತಡಕ್ಕೆ ಮಣಿದು ನಿರಾಕರಿಸಬೇಕಾಯಿತು. 1960ರಲ್ಲಿ ಅವರು ತೀರಿಕೊಂಡರು. ಸೋವಿಯತ್ ಓದುಗರಿಗೆ ಪತ್ರಿಕೆಯೊಂದರಲ್ಲಿ ಕಾದಂಬರಿ ಸಿಕ್ಕಿದ್ದು 1988ರಲ್ಲಿ.

ಕಂಪ್ಲೇಂಟ್ ಇಲ್ಲ ಅಂತಲ್ಲ. ಕವಿಯ ಸಿನಿಮಾ, ಆದರೆ ಅವನ ಒಂದು ಕವಿತೆಯೂ ಕಿವಿಗೆ ಬೀಳಲ್ಲ. ಕಾದಂಬರಿಯ ಕೊನೆಯಲ್ಲಾದರೂ ಕವಿತೆಗಳಿವೆ. ಇಲ್ಲಿ ಆ ಜಾಗ ತುಂಬುವುದು ಮೊರಿಸ್ ಜಾರ್ ಅವರ ಬಾಲಲೈಕಾ ರಾಗ. ಟೋನ್ಯಾಗೆ ಆದ ಅನ್ಯಾಯವನ್ನು ಸಿನಿಮಾ ಬೇಗ ಮರೆಯುತ್ತೆ, ಅದರಲ್ಲಿ ನನ್ನ ಹಳೇ ಸಿಟ್ಟು ಹಾಗೇ ಇದೆ.

ಸಿವಿಲ್ ಬ್ರಾಂಚ್‌ನವರಿಗೆ ಒಂದು ಮಾತು: ಕೊನೆಯಲ್ಲಿ ಬರುವ ಅಣೆಕಟ್ಟೂ ರಷ್ಯಾದ್ದಲ್ಲ, ಸ್ಪೇನ್ ಮತ್ತು ಪೋರ್ಚುಗಲ್ ಗಡಿಯ ಆಲ್ದೆಆದಾವಿಲಾ. ಯೂರಿ ಮತ್ತು ಲಾರಾರ ಮಗಳಿರಬಹುದಾದ ಹುಡುಗಿ, ಆ ಅಣೆಕಟ್ಟಿನಲ್ಲಿ ಕೆಲಸ ಮಾಡುವ ತನ್ನ ಹುಡುಗನ ಜೊತೆ ನಡೆದು ಹೋಗ್ತಾಳೆ. ಅವಳ ಬೆನ್ನಲ್ಲಿ ಬಾಲಲೈಕಾ ಇದೆ, ಯಾರೂ ಕಲಿಸದೆ ನುಡಿಸ್ತಾಳಂತೆ.