ಗಣಿ ಬಿಟ್ಟ ಮೇಲೂ ಗಣಿಯ ಧೂಳು ಕಾಡುವುದೇಕೆ?

ಪ್ರಶ್ನೆ: ನಮ್ಮ ತಂದೆ ಹಟ್ಟಿ ಚಿನ್ನದ ಗಣಿಯಲ್ಲಿ ಅಂಡರ್‌ಗ್ರೌಂಡ್ ಡ್ರಿಲ್ಲಿಂಗ್ ಕೆಲಸ ಮಾಡಿ ನಿವೃತ್ತರಾಗಿ ಹತ್ತು ವರ್ಷವಾಯಿತು. ಕೆಲಸದಲ್ಲಿದ್ದಷ್ಟು ಕಾಲ ಆರಾಮಾಗಿದ್ದರು. ಈಗ ಎರಡು ವರ್ಷದಿಂದ ಕೆಮ್ಮು, ನಾಲ್ಕು ಹೆಜ್ಜೆ ನಡೆದರೆ ದಮ್ಮು ಹತ್ತುತ್ತದೆ. ಒಬ್ಬ ಡಾಕ್ಟರು ಅಸ್ತಮಾ ಎಂದರು, ಇನ್ನೊಬ್ಬರು ಟಿಬಿ ಇರಬಹುದು ಎಂದರು. ಓಣಿಯ ಹಿರಿಯರು ‘ದಿನಾ ಬೆಲ್ಲ ತಿಂದ್ರ ಧೂಳು ಇಳೀತದ’ ಅನ್ನುತ್ತಾರೆ. ಗಣಿ ಬಿಟ್ಟು ಇಷ್ಟು ವರ್ಷದ ಮೇಲೆ ಧೂಳಿನ ಕಾಯಿಲೆ ಬರುತ್ತದೆಯೇ? ಬಂದರೆ ಅದನ್ನು ತೊಳೆದು ತೆಗೆಯಲು ಆಗುತ್ತದೆಯೇ?
— ಓದುಗರೊಬ್ಬರು, ಹಟ್ಟಿ

ಉತ್ತರ: ಬರುತ್ತದೆ. ತೊಳೆದು ತೆಗೆಯಲು ಆಗುವುದಿಲ್ಲ. ಆದರೆ ಇಷ್ಟಕ್ಕೇ ಕೈಚೆಲ್ಲಬೇಡಿ. ನಿಮ್ಮ ತಂದೆಯವರಿಗೆ ಮಾಡಬಹುದಾದ್ದು ಬಹಳ ಇದೆ. ಪತ್ರ ಓದಿ ಕಾಯಿಲೆ ಇಂಥದ್ದೇ ಎಂದು ಹೇಳಲು ಬರುವುದಿಲ್ಲ. ಆದರೂ ಅಂಡರ್‌ಗ್ರೌಂಡ್‌ನಲ್ಲಿ ಡ್ರಿಲ್ ಹಿಡಿದವರಿಗೆ ಉಸಿರಿನ ತೊಂದರೆ ಬಂದಾಗ ಮೊದಲು ನೆನಪಾಗಬೇಕಾದ ಹೆಸರು ಸಿಲಿಕೋಸಿಸ್, ಅಂದರೆ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ.

ಹಟ್ಟಿಯಲ್ಲಿ ಚಿನ್ನ ಸಿಗುವುದು ಹಟ್ಟಿಯಿಂದ ಮಸ್ಕಿಯತ್ತ ಹಬ್ಬಿರುವ ಹಳೆಯ ಶಿಲಾಪಟ್ಟಿಯಲ್ಲಿ. ಆ ಬಂಡೆಯ ಸೀಳುಗಳಲ್ಲಿ ಬೆಣಚುಕಲ್ಲು ತುಂಬಿಕೊಂಡಿದೆ, ಚಿನ್ನ ಅದರೊಂದಿಗೆ ಬೆರೆತಿದೆ. ಬೆಣಚುಕಲ್ಲೆಂದರೆ ಹರಳುರೂಪದ ಸಿಲಿಕಾ. ಹಾಗಾಗಿ ಚಿನ್ನ ಬೇಕೆಂದರೆ ಸಿಲಿಕಾ ಒಡೆಯಲೇಬೇಕು. ಡ್ರಿಲ್ ಕೊರೆದಾಗ, ಬ್ಲಾಸ್ಟಿಂಗ್ ಆದಾಗ, ಅದಿರನ್ನು ತುಂಬುವಾಗ, ಕ್ರಷರ್‌ನಲ್ಲಿ ಪುಡಿ ಮಾಡುವಾಗ ಅದು ಧೂಳಾಗಿ ಏಳುತ್ತದೆ. ಹೊಸದಾಗಿ ಒಡೆದ ಬೆಣಚಿನ ಧೂಳು ಹಳೆಯದಕ್ಕಿಂತ ಹೆಚ್ಚು ವಿಷಕಾರಿ ಎಂಬುದೂ ಗೊತ್ತಾಗಿದೆ.

ಕಣ್ಣಿಗೆ ಕಾಣುವ ಧೂಳು ಅಷ್ಟು ಅಪಾಯಕಾರಿಯಲ್ಲ. ಅದನ್ನು ಮೂಗು ತಡೆಯುತ್ತದೆ, ಶ್ವಾಸನಾಳದ ಲೋಳೆ ಹಿಡಿದು ಕಫದ ಜೊತೆ ಹೊರಹಾಕುತ್ತದೆ. ಶಿಫ್ಟ್ ಮುಗಿಸಿ ಬಂದು ಬೂದುಬಣ್ಣದ ಕಫ ಉಗಿಯುವುದು ದೇಹ ತನ್ನ ಕೆಲಸ ಮಾಡಿದ್ದರ ಗುರುತು. ಒಂದು ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ನಿಜವಾದ ಹಾನಿ ಮಾಡುವ ಕಣಗಳು 5 ಮೈಕ್ರಾನ್‌ಗಿಂತ ಸಣ್ಣವು. ಅವು ಕಣ್ಣಿಗೆ ಬೀಳದೆ ಗಾಳಿಯಲ್ಲಿ ಗಂಟೆಗಟ್ಟಲೆ ತೇಲಿಕೊಂಡಿದ್ದು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ.

ಅಲ್ಲಿ ಕಾವಲಿಗಿರುವ ರಕ್ಷಣಾಕೋಶಗಳು ಸೂಕ್ಷ್ಮಜೀವಿಯನ್ನು ನುಂಗಿದಂತೆ ಸಿಲಿಕಾ ಕಣವನ್ನೂ ನುಂಗುತ್ತವೆ. ಜೀವಿಯಾದರೆ ಅರಗುತ್ತಿತ್ತು, ಕಲ್ಲು ಅರಗುವುದಿಲ್ಲ. ನುಂಗಿದ ಕೋಶವೇ ಸಾಯುತ್ತದೆ, ಸಾಯುವಾಗ ಉರಿಯೂತದ ರಾಸಾಯನಿಕಗಳನ್ನು ಚೆಲ್ಲುತ್ತದೆ. ಬಿಡುಗಡೆಯಾದ ಕಣವನ್ನು ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಪ್ರತಿ ಸಲವೂ ಸುತ್ತಲಿನ ಮೃದುವಾದ ಅಂಗಾಂಶ ಸ್ವಲ್ಪ ಗಾಯಗೊಂಡು ಗಟ್ಟಿಯಾಗುತ್ತದೆ, ಕ್ರಮೇಣ ಗಂಟುಗಳಾಗುತ್ತವೆ. ನೀವು ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಗಣಿಯ ಕೆಲಸ ನಿಂತಿತು, ಆದರೆ ಒಳಗೆ ಉಳಿದ ಕಣಗಳ ಕೆಲಸ ನಿಲ್ಲಲಿಲ್ಲ. ಸಿಲಿಕೋಸಿಸ್ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಧೂಳು ಕುಡಿದ ಮೇಲೆ. ಎಷ್ಟೋ ಸಲ ನಿವೃತ್ತಿಯ ನಂತರ. ಧೂಳು ವಿಪರೀತವಾಗಿದ್ದ ಕಡೆ ಐದೇ ವರ್ಷದಲ್ಲಿ ಬಂದದ್ದೂ ಉಂಟು.

ಇದು ನಮ್ಮ ನಾಡಿಗೆ ಹೊಸದಲ್ಲ. 1940ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ (ಕೆಜಿಎಫ್) 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಭಾರತದಲ್ಲಿ ಈ ರೋಗದ ಕುರಿತ ತಿಳಿವಳಿಕೆ ಬೆಳೆದದ್ದು ಕೆಜಿಎಫ್‌ನ ಕಾರ್ಮಿಕರ ಎದೆಯ ಎಕ್ಸ್‌ರೇಗಳಿಂದ. ಕೆಜಿಎಫ್ 2001ರಲ್ಲಿ ಮುಚ್ಚಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಶುರುವಾದ ನಿಮ್ಮೂರಿನ ಗಣಿ ಇಂದಿಗೂ ನಡೆಯುತ್ತಿದೆ. ನೀರು ಹಾಯಿಸುತ್ತಾ ಕೊರೆಯುವ ಡ್ರಿಲ್, ಒಳಗೆ ಗಾಳಿ ಆಡಿಸುವ ದೊಡ್ಡ ಫ್ಯಾನುಗಳು ಬಂದ ಮೇಲೆ ಗಣಿಗಳಲ್ಲಿ ಧೂಳು ತಗ್ಗುತ್ತದೆ. ಆದರೆ ನಿಮ್ಮ ತಂದೆಯವರ ಎದೆಯಲ್ಲಿ ಇರುವುದು ಅವರು ದುಡಿದ ಅಷ್ಟೂ ವರ್ಷಗಳ ಲೆಕ್ಕ.

ಇಬ್ಬರು ಡಾಕ್ಟರು ಎರಡು ಮಾತು ಹೇಳಿದ್ದರ ಬಗ್ಗೆ ಬೇಸರ ಬೇಡ. ಸಿಲಿಕೋಸಿಸ್ಸಿನ ಸಣ್ಣ ಗಂಟುಗಳು ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಾಣುತ್ತವೆ. ಟಿಬಿಗೂ ಅದೇ ಜಾಗ ಇಷ್ಟ. ಬೀಡಿ ಸೇದಿದವರಿಗೆ, ವರ್ಷಗಟ್ಟಲೆ ಒಲೆಯ ಹೊಗೆ ಕುಡಿದ ತಾಯಂದಿರಿಗೆ, ಸಿಂಧನೂರಿನ ರೈಸ್‌ಮಿಲ್ಲುಗಳಲ್ಲಿ ಹೊಟ್ಟಿನ ಧೂಳಿನಲ್ಲಿ ನಿಂತವರಿಗೆ ಬರುವ ಶ್ವಾಸನಾಳದ ಕಾಯಿಲೆಯಲ್ಲೂ ಇದೇ ಕೆಮ್ಮು, ಇದೇ ದಮ್ಮು. ಅಸ್ತಮಾ ಬಂದು ಹೋಗುವಂಥದ್ದು, ನಡುವೆ ಪೂರ್ತಿ ಆರಾಮದ ದಿನಗಳಿರುತ್ತವೆ. ಸಿಲಿಕೋಸಿಸ್ಸಿನ ಏದುಸಿರು ಮಾತ್ರ ಮೆಲ್ಲಗೆ, ಒಂದೇ ದಿಕ್ಕಿಗೆ ಹೆಚ್ಚುತ್ತಾ ಹೋಗುತ್ತದೆ. ಇವನ್ನೆಲ್ಲ ಬೇರ್ಪಡಿಸುವ ಮೊದಲ ಪರೀಕ್ಷೆ ಯಾವ ಯಂತ್ರದ್ದೂ ಅಲ್ಲ. ‘ನೀವು ಏನು ಕೆಲಸ ಮಾಡುತ್ತಿದ್ದಿರಿ?’ ಎಂಬ ಪ್ರಶ್ನೆ ಅದು. ಗದ್ದಲದ ಹೊರರೋಗಿ ವಿಭಾಗದಲ್ಲಿ ಬಹಳ ಸಲ ಕೇಳದೆ ಉಳಿಯುವುದೂ ಅದೇ. ನನಗೆ ಇದು ದೊಡ್ಡ ಅನ್ಯಾಯವಾಗಿ ತೋರುತ್ತದೆ. ಅವರು ಕೇಳದಿದ್ದರೆ ನೀವೇ ಹೇಳಿ: ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಮೇಲೆಯೋ ಕೆಳಗೆಯೋ, ಡ್ರಿಲ್ಲೋ ಕ್ರಷರೋ. ಕೆಲಸದ ವಿವರ, ಎದೆಯ ಎಕ್ಸ್‌ರೇ, ಬೇರೆ ಕಾಯಿಲೆ ಅಲ್ಲವೆಂಬ ಖಾತ್ರಿ, ಈ ಮೂರು ಸೇರಿದರೆ ಸಿಲಿಕೋಸಿಸ್ ಹೌದೋ ಅಲ್ಲವೋ ಬಹುಪಾಲು ತೀರ್ಮಾನವಾಗುತ್ತದೆ. ಬೇಕಾದರೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಕೊಳವೆಯೊಳಗೆ ಜೋರಾಗಿ ಊದಿಸಿ ನೋಡುವ ಸ್ಪೈರೊಮೆಟ್ರಿಯಿಂದ ಶ್ವಾಸಕೋಶದ ಶಕ್ತಿ ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ.

ಟಿಬಿಯ ಮಾತನ್ನು ತಳ್ಳಿಹಾಕಬೇಡಿ. ಸಿಲಿಕಾದಿಂದ ರಕ್ಷಣಾಕೋಶಗಳು ಸೊರಗಿರುವುದರಿಂದ ಸಿಲಿಕೋಸಿಸ್ ಇದ್ದವರಿಗೆ ಟಿಬಿ ತಗಲುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಎರಡೂ ಒಟ್ಟಿಗೆ ಇರಬಹುದು. ಕಫದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಟಿಬಿ ಎಂದು ಖಚಿತವಾದರೆ ಮಾತ್ರೆಗಳೂ ಉಚಿತ, ನಿಕ್ಷಯ್ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬರುತ್ತದೆ. ಸಿಲಿಕೋಸಿಸ್ ಇದ್ದಾಗ ಟಿಬಿ ಚಿಕಿತ್ಸೆಯನ್ನು ಎಂದಿನ ಆರು ತಿಂಗಳಿಗಿಂತ ಹೆಚ್ಚು ಕಾಲ ಕೊಡುವ ರೂಢಿಯಿದೆ, ಆದ್ದರಿಂದ ವೈದ್ಯರಿಗೆ ಗಣಿಯ ವಿಷಯ ಗೊತ್ತಿರಲೇಬೇಕು. ಟಿಬಿ ಇಲ್ಲವೆಂದಾದರೂ ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರದಂತೆ ತಡೆಯುವ ಮಾತ್ರೆ ಕೊಡಬಹುದೇ ಎಂದು ಕೇಳಿ. ದೇಶದ ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶವಿದೆ. ಟಿಬಿ ಇದೆಯೇ ಎಂದು ನೋಡದೆ ದಮ್ಮಿಗೆಂದು ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತಂದು ನುಂಗುವುದು ಅಪಾಯ. ನಾಲ್ಕು ದಿನ ಹಾಯೆನಿಸಿ ಒಳಗಿನ ಸೋಂಕು ಕೆರಳುತ್ತದೆ.

ಬೆಲ್ಲದ ಮಾತಿಗೆ ಬರುತ್ತೇನೆ, ಅದನ್ನು ಹಗುರ ಮಾಡುವುದಿಲ್ಲ. ಧೂಳಿನ ಕೆಲಸ ಇರುವ ಕಡೆಯಲ್ಲೆಲ್ಲ ಈ ನಂಬಿಕೆ ಇದೆ. 1990ರ ದಶಕದಲ್ಲಿ ಲಖನೌದ ವಿಜ್ಞಾನಿಗಳು ಇಲಿಗಳ ಮೇಲೆ ಪರೀಕ್ಷೆ ಮಾಡಿ, ಬೆಲ್ಲ ಕೊಟ್ಟವುಗಳ ಶ್ವಾಸಕೋಶದಿಂದ ಕಣಗಳು ಹೆಚ್ಚು ಸಾಗಿಹೋದವು ಎಂದು ಬರೆದರು. ಆದರೆ ಮನುಷ್ಯರಲ್ಲಿ ಆಗಿಹೋದ ಗಾಯವನ್ನು ಬೆಲ್ಲ ಮಾಯಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ತಂದೆಯವರಿಗೆ ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಒಂದು ತುಣುಕು ತಿನ್ನಲಿ, ಔಷಧಿಯೆಂದು ನೆಚ್ಚಬೇಡಿ. ಶ್ವಾಸಕೋಶವನ್ನು ಉಪ್ಪುನೀರಿನಿಂದ ತೊಳೆಯುವ ವಿಧಾನವೂ ಇದೆ, ಚೀನಾದಲ್ಲಿ ಗಣಿ ಕಾರ್ಮಿಕರಿಗೆ ಮಾಡಿ ನೋಡಿದ್ದಾರೆ. ಗಟ್ಟಿಯಾದ ಗಂಟು ಅದರಿಂದ ಕರಗುವುದಿಲ್ಲ.

ಹಾಗಾದರೆ ಚಿಕಿತ್ಸೆ ಏನು? ಉಳಿದಿರುವ ಶ್ವಾಸಕೋಶವನ್ನು ಕಾಯುವುದು. ಶ್ವಾಸನಾಳ ಬಿಗಿದಿದ್ದರೆ ಇನ್‌ಹೇಲರ್ ಕೊಡುತ್ತಾರೆ. ‘ಪಂಪು ಒಮ್ಮೆ ಹಿಡಿದರೆ ಬಿಡಲಿಕ್ಕಾಗದು’ ಎಂಬ ಹೆದರಿಕೆ ಬೇಡ. ಔಷಧಿ ಬೇಕಾದ ಜಾಗಕ್ಕೇ ಹೋಗುವುದರಿಂದ ಮಾತ್ರೆಗಿಂತ ತೀರ ಕಡಿಮೆ ಪ್ರಮಾಣ ಸಾಕಾಗುತ್ತದೆ. ಸ್ಟೀರಾಯ್ಡ್ ಇರುವ ಪಂಪಾದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಬೀಡಿ ಇದ್ದರೆ ಇಂದೇ ನಿಲ್ಲಬೇಕು. ಇನ್‌ಫ್ಲುಯೆಂಜಾ ಮತ್ತು ನ್ಯುಮೋಕಾಕಸ್ ಲಸಿಕೆ ಹಾಕಿಸಿ. ಮೂಗಿನಿಂದ ಉಸಿರೆಳೆದು, ತುಟಿ ಚೂಪು ಮಾಡಿ ನಿಧಾನವಾಗಿ ಬಿಡುವುದನ್ನು ರೂಢಿ ಮಾಡಿಸಿ, ದಮ್ಮು ಹತ್ತಿದಾಗ ಅದು ತಕ್ಷಣ ನೆರವಿಗೆ ಬರುತ್ತದೆ. ಕೂತಲ್ಲೇ ಕೂರಿಸಬೇಡಿ, ದಿನವೂ ತಾಳುವಷ್ಟು ನಡೆಸಿ. ಸುಮ್ಮನೆ ಕುಳಿತಾಗಲೂ ಬೆರಳಿಗಿಡುವ ಆಕ್ಸಿಮೀಟರ್ ಮತ್ತೆ ಮತ್ತೆ 88 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಮನೆಯಲ್ಲಿ ದಿನಕ್ಕೆ 15 ಗಂಟೆಯಾದರೂ ಆಮ್ಲಜನಕ ಬೇಕಾಗಬಹುದು, ಅದನ್ನು ವೈದ್ಯರು ನಿರ್ಧರಿಸಲಿ. ಎದೆಯ ಒಂದು ಪಕ್ಕದಲ್ಲಿ ಫಕ್ಕನೆ ನೋವು ಬಂದು ಉಸಿರು ಹಿಡಿದರೆ, ಕಫದಲ್ಲಿ ರಕ್ತ ಬಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯಬೇಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕಾದ್ದು. ಸಿಲಿಕೋಸಿಸ್ ಕಾನೂನು ಗುರುತಿಸಿದ ಔದ್ಯೋಗಿಕ ರೋಗ. 1923ರ ಪರಿಹಾರ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲಿ ಅದೂ ಇತ್ತು, ಅದರೊಡನೆ ಬರುವ ಟಿಬಿಯೂ ಇತ್ತು. ಪತ್ತೆಯಾದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ತಿಳಿಯಬೇಕು. ಕೆಲಸದಲ್ಲಿದ್ದಾಗ ಐದು ವರ್ಷಕ್ಕೊಮ್ಮೆ ಆಗಬೇಕಿದ್ದ ವೈದ್ಯಕೀಯ ತಪಾಸಣೆಯ ಕಾಗದಗಳು, ಹಳೆಯ ಎಕ್ಸ್‌ರೇಗಳು ಸಿಕ್ಕರೆ ಹುಡುಕಿ ಇಟ್ಟುಕೊಳ್ಳಿ. ಗುತ್ತಿಗೆಯಲ್ಲಿ ದುಡಿದವರ ಬಳಿ ಇಂಥ ಕಾಗದ ಇರುವುದೇ ಕಡಿಮೆ. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ, ಜೊತೆಗೆ ಕೆಲಸ ಮಾಡಿದವರ ಹೆಸರನ್ನಾದರೂ ಬರೆದಿಡಲು ಹೇಳಿ. ಪರಿಹಾರ ಕೇಳಲು ಕಾಲಮಿತಿ ಇರುವುದರಿಂದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಬೇಗ ವಿಚಾರಿಸಿ.

ಸದ್ಯಕ್ಕೆ ಒಂದು ಹಾಳೆಯಲ್ಲಿ ತಂದೆಯವರ ಕೆಲಸದ ವಿವರವನ್ನೆಲ್ಲ ಬರೆದುಕೊಂಡು ಅವರನ್ನು ರಾಯಚೂರಿನ ರಿಮ್ಸ್ ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ಕರೆದುಕೊಂಡು ಹೋಗಿ. ಎಕ್ಸ್‌ರೇ ಮತ್ತು ಕಫದ ಪರೀಕ್ಷೆ ಎರಡನ್ನೂ ಮಾಡಿಸದೆ ಹಿಂದಿರುಗಬೇಡಿ.