ನವಜಾತ ಶಿಶುವಿನ ಅಳತೆಗಳು ಏನನ್ನು ತಿಳಿಸುತ್ತವೆ?

ಹೆರಿಗೆಯಾದ ಬಳಿಕ ಶಿಶುವನ್ನು ತೂಗಿ, ಅದರ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಬರೆದಿಡುವುದನ್ನು ನೀವು ಕಂಡಿದ್ದೀರಿ. ಇದು ಕೇವಲ ಆಸ್ಪತ್ರೆಯ ವಾಡಿಕೆಯೆಂದು ಭಾವಿಸುವವರು ಬಹಳ ಮಂದಿ. ಆದರೆ ಆ ಅಂಕಿಗಳು ಶಿಶುವು ತಾಯಿಯ ಗರ್ಭದಲ್ಲಿ ಕಳೆದ ಒಂಬತ್ತು ತಿಂಗಳ ದಾಖಲೆ. ಆ ಕಾಲದಲ್ಲಿ ಅದರ ರಕ್ತದಲ್ಲಿ ಹರಿದ ಹಾರ್ಮೋನುಗಳ ಗುರುತು ಅದರ ಮೈಮೇಲೆ ಉಳಿದಿರುತ್ತದೆ. ಆ ಗುರುತನ್ನು ಓದುವ ಬಗೆಯನ್ನೂ, ಓದುವಾಗ ವಹಿಸಬೇಕಾದ ಎಚ್ಚರಿಕೆಯನ್ನೂ ಇಲ್ಲಿ ತಿಳಿಯೋಣ.

ದಪ್ಪ ಮಗುವೆಲ್ಲ ಆರೋಗ್ಯವಂತ ಮಗುವೆ?

ತಾಯಿಗೆ ಮಧುಮೇಹವಿದ್ದರೆ ಅವಳ ರಕ್ತದಲ್ಲಿನ ಹೆಚ್ಚಿನ ಸಕ್ಕರೆಯು ಮಾಸಿನ ಮೂಲಕ ಶಿಶುವಿಗೆ ಹರಿಯುತ್ತದೆ. ಆದರೆ ತಾಯಿಯ ಇನ್ಸುಲಿನ್ ಹಾಗೆ ದಾಟುವುದಿಲ್ಲ. ಆದುದರಿಂದ ಶಿಶುವಿನ ಮೇದೋಜೀರಕ ಗ್ರಂಥಿಯೇ ಅಧಿಕ ಇನ್ಸುಲಿನನ್ನು ತಯಾರಿಸಬೇಕಾಗುತ್ತದೆ. ಈ ಹಾರ್ಮೋನು ಶಿಶುವಿನ ಬೆಳವಣಿಗೆಯನ್ನು ಪ್ರಚೋದಿಸುವುದಲ್ಲದೆ ಕೊಬ್ಬನ್ನೂ ಶೇಖರಿಸುತ್ತದೆ. ತೂಕವು 4 ಕಿಲೋಗ್ರಾಂ ಮೀರಬಹುದು. ಭುಜ ಮತ್ತು ಹೊಟ್ಟೆಯ ಭಾಗದಲ್ಲಿ ಕೊಬ್ಬು ಹೆಚ್ಚಾಗಿರುತ್ತದೆ.

ಇಂತಹ ಮಗುವನ್ನು ಕಂಡು ಬಂಧುಗಳು ಹಿಗ್ಗುವುದು ಸಹಜ. ಅಪಾಯವಿರುವುದೂ ಅಲ್ಲಿಯೇ. ಹೊಕ್ಕುಳಬಳ್ಳಿಯನ್ನು ಕತ್ತರಿಸಿದೊಡನೆ ತಾಯಿಯ ಸಕ್ಕರೆ ನಿಂತುಹೋಗುತ್ತದೆ. ಶಿಶುವಿನ ಇನ್ಸುಲಿನ್ ಮಾತ್ರ ಒಡನೆಯೇ ತಗ್ಗುವುದಿಲ್ಲ. ಹೀಗಾಗಿ ಮೊದಲ ಕೆಲವು ಗಂಟೆಗಳಲ್ಲಿ ಶಿಶುವಿನ ರಕ್ತದ ಸಕ್ಕರೆ ಕುಸಿಯಬಹುದು. ಮಗು ಮಂಕಾಗುವುದು, ನಡುಗುವುದು, ಹಾಲು ಕುಡಿಯದಿರುವುದು ಇದರ ಲಕ್ಷಣಗಳು. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲನ್ನು ಉಣಿಸಬೇಕು; ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು.

ಮೈಸೂರು ಕಲಿಸಿದ ಪಾಠ

ಈ ವಿಷಯದಲ್ಲಿ ನಮ್ಮ ರಾಜ್ಯದ ಕೊಡುಗೆ ಗಣನೀಯವಾದುದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ ಹಾಗೂ ತಲೆಯ ಸುತ್ತಳತೆಯನ್ನು ದಾಖಲಿಸಿಡಲಾಗಿತ್ತು. ಹಾಗೆ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವು, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗವು ಹೆಚ್ಚೆಂದು ತೋರಿಸಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ರಕ್ತದ ಸಕ್ಕರೆಯನ್ನು ಅಳೆದಾಗ, ನೂರಕ್ಕೆ ಸುಮಾರು 6 ಮಂದಿಯಲ್ಲಿ ಗರ್ಭಕಾಲದ ಮಧುಮೇಹ ಕಂಡುಬಂದಿತು. ಅವರ ಶಿಶುಗಳು ಇತರ ಶಿಶುಗಳಿಗಿಂತ ದೊಡ್ಡವಾಗಿದ್ದವು. ಐದು ವರ್ಷ ತುಂಬಿದಾಗ ಅವರ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬೂ ರಕ್ತದ ಇನ್ಸುಲಿನ್ ಪ್ರಮಾಣವೂ ಹೆಚ್ಚಾಗಿದ್ದವು. ಹುಟ್ಟಿದ ದಿನದ ಅಳತೆ ಆ ದಿನಕ್ಕೇ ಮುಗಿಯುವಂತಹುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಲಿಂಗಸಂಬಂಧಿ ಹಾರ್ಮೋನುಗಳ ಗುರುತು

ಗರ್ಭದ ಸುಮಾರು 8ನೆಯ ವಾರದಿಂದ ಗಂಡುಭ್ರೂಣದ ವೃಷಣಗಳು ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತವೆ. ಇದರ ಪ್ರಭಾವದಿಂದಲೇ ಗುದದ್ವಾರಕ್ಕೂ ಜನನಾಂಗಕ್ಕೂ ನಡುವಣ ಅಂತರವು ಗಂಡುಶಿಶುವಿನಲ್ಲಿ ಹೆಣ್ಣುಶಿಶುವಿನದರ ಸುಮಾರು ಎರಡರಷ್ಟಿರುತ್ತದೆ. ಪ್ಲಾಸ್ಟಿಕ್ಕನ್ನು ಮೃದುಗೊಳಿಸಲು ಬಳಸುವ ಥ್ಯಾಲೇಟ್ ಎಂಬ ರಾಸಾಯನಿಕಗಳ ಅಂಶವು ಗರ್ಭಿಣಿಯ ಮೂತ್ರದಲ್ಲಿ ಹೆಚ್ಚಿದ್ದಾಗ, ಅವಳ ಗಂಡುಮಗುವಿನಲ್ಲಿ ಈ ಅಂತರವು ಕಡಿಮೆಯಿರುವ ಸಂಭವ ಹೆಚ್ಚೆಂದು 2005ರಲ್ಲಿ ಅಮೆರಿಕದ ಅಧ್ಯಯನವೊಂದು ವರದಿ ಮಾಡಿತು.

ಹೆಣ್ಣುಶಿಶುವಿನಲ್ಲಿ ಪುರುಷ ಹಾರ್ಮೋನಿನ ಪ್ರಭಾವ ಅತಿಯಾದರೆ ಹೊರ ಜನನಾಂಗದ ರೂಪವು ಬದಲಾಗಿ, ಮಗು ಗಂಡೋ ಹೆಣ್ಣೋ ಎಂಬ ಸಂದೇಹ ಹುಟ್ಟಬಹುದು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳ ಹುಟ್ಟುದೋಷ ಇದಕ್ಕೆ ಒಂದು ಮುಖ್ಯ ಕಾರಣ. ಈ ದೋಷವು ತೀವ್ರವಾಗಿದ್ದಲ್ಲಿ ಮೊದಲ ಮೂರು ವಾರಗಳೊಳಗೆ ದೇಹದ ಉಪ್ಪು ಮೂತ್ರದಲ್ಲಿ ಹರಿದುಹೋಗಿ, ವಾಂತಿ ಮತ್ತು ನಿರ್ಜಲತೆಯಿಂದ ಶಿಶುವು ಸಾಯಬಹುದು. ಇದೇ ದೋಷವಿರುವ ಗಂಡುಶಿಶುವಿನ ಹೊರರೂಪದಲ್ಲಿ ವ್ಯತ್ಯಾಸ ಕಾಣದಿರುವುದರಿಂದ, ಎರಡನೆಯ ವಾರದಲ್ಲಿ ವಾಂತಿಯಾಗುತ್ತ ತೂಕ ಇಳಿಯುವ ಮಗುವನ್ನು ಎಂದಿಗೂ ಅಲಕ್ಷಿಸಬಾರದು. ಕೊರತೆಯಾದ ಹಾರ್ಮೋನನ್ನು ಔಷಧಿಯಾಗಿ ಜೀವನಪರ್ಯಂತ ಕೊಡುವುದರಿಂದ ಇಂತಹ ಮಕ್ಕಳು ಬದುಕಿ ಬೆಳೆಯುತ್ತಾರೆ. ಲಜ್ಜೆಯಿಂದಾಗಲೀ ನೆರೆಹೊರೆಯವರ ಮಾತಿಗಂಜಿಯಾಗಲೀ ಮಗುವನ್ನು ಮುಚ್ಚಿಡುವುದು ಅದರ ಪ್ರಾಣಕ್ಕೇ ಎರವಾಗಬಹುದು. ಇದು ಯಾರ ಪಾಪದ ಫಲವೂ ಅಲ್ಲ. ಚಿಕಿತ್ಸೆಯುಳ್ಳ ಒಂದು ಕಾಯಿಲೆ.

ಅಳತೆಗೂ ಒಂದು ಮಿತಿ

ತೋರುಬೆರಳು ಮತ್ತು ಉಂಗುರದ ಬೆರಳಿನ ಉದ್ದಗಳ ಅನುಪಾತವೂ ಗರ್ಭಕಾಲದ ಹಾರ್ಮೋನನ್ನು ಸೂಚಿಸುತ್ತದೆಂದು ಕೆಲವು ಸಂಶೋಧಕರು ವಾದಿಸಿದ್ದಾರೆ. ಗಂಡಸರಲ್ಲಿ ಉಂಗುರದ ಬೆರಳು ಸರಾಸರಿಯಲ್ಲಿ ತುಸು ಉದ್ದವೆಂಬುದು ನಿಜ. ಆದರೆ ಈ ವ್ಯತ್ಯಾಸ ಬಹು ಸಣ್ಣದು; ಗಂಡು ಹೆಣ್ಣುಗಳ ಅಳತೆಗಳು ಒಂದರೊಳಗೊಂದು ಬೆರೆತಿರುತ್ತವೆ. ಆದಕಾರಣ ನಿಮ್ಮ ಮಗುವಿನ ಬೆರಳುಗಳನ್ನು ನೋಡಿ ಅದರ ಗುಣವನ್ನಾಗಲೀ ಭವಿಷ್ಯವನ್ನಾಗಲೀ ಊಹಿಸಬೇಡಿರಿ. ಸಾವಿರ ಮಕ್ಕಳ ಸರಾಸರಿಯು ಒಂದು ಮಗುವಿನ ಜಾತಕವಾಗಲಾರದು. ಯಾವ ಅಳತೆಯೂ ತಾನೇ ರೋಗನಿರ್ಣಯವಲ್ಲ. ಅದು ಪರೀಕ್ಷೆಯ ಅಗತ್ಯವನ್ನು ಸೂಚಿಸುವ ಕೈಮರ ಮಾತ್ರ.

ನೆನಪಿಡಬೇಕಾದ ಅಂಶಗಳು

1. ಗರ್ಭಿಣಿಯು ಮೊದಲ ಭೇಟಿಯಲ್ಲಿಯೂ, ಮತ್ತೆ 24ರಿಂದ 28ನೆಯ ವಾರದೊಳಗೂ ರಕ್ತದ ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು.

2. ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ತಾಯಿ ಕಾರ್ಡಿನಲ್ಲಿ ಬರೆಸಿ ಕಾಪಾಡಿರಿ.

3. ತೂಕವು 2.5 ಕಿಲೋಗ್ರಾಂಗಿಂತ ಕಡಿಮೆಯಿದ್ದರೂ, 4 ಕಿಲೋಗ್ರಾಂ ಮೀರಿದ್ದರೂ ವೈದ್ಯರ ನಿಗಾ ಅವಶ್ಯ.

4. ಜನನಾಂಗದ ರೂಪದಲ್ಲಿ ಸಂದೇಹವಿದ್ದರೆ ಅಂದೇ ವೈದ್ಯರಿಗೆ ತೋರಿಸಿರಿ.

ಅಳತೆ ಪಟ್ಟಿಯ ಬೆಲೆ ಅತ್ಯಲ್ಪ. ಅದನ್ನು ಸರಿಯಾಗಿ ಹಿಡಿದು, ಕಂಡುದನ್ನು ಪ್ರಾಮಾಣಿಕವಾಗಿ ಬರೆದಿಟ್ಟರೆ, ಇನ್ನೂ ಮಾತು ಬಾರದ ಕೂಸಿನ ಅಹವಾಲನ್ನು ನಾವು ಕೇಳಿಸಿಕೊಂಡಂತಾಗುತ್ತದೆ.